ಅಕ್ಕ ‘ಯಾರೂ ಇಲ್ಲ’ ಅಂತ ಬರೆದ 159 ದಿನ: ದಾವಣಗೆರೆಯ ಒಂದು ರಂಗಮನೆಯ ಪ್ರಕರಣ

ದಾವಣಗೆರೆಯ ಹಳೇ ಪೇಟೆ ಕಡೆ ಒಂದು ಅರಳೆ ಗೋದಾಮು ಇದೆ. ಉದ್ದ 60 ಅಡಿ, ಅಗಲ 40 ಅಡಿ, ಮೇಲೆ ತಗಡಿನ ಶೀಟು. ಗೋಡೆಯ ಬಿರುಕಿಗೆ ಬೆರಳು ಹಾಕಿದರೆ ಈಗಲೂ ಹತ್ತಿಯ ಎಳೆ ಸಿಗುತ್ತದೆ. ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದಲ್ಲಿ ಇಲ್ಲಿ ಅರಳೆ ಮೂಟೆ ತುಂಬಿರುತ್ತಿತ್ತಂತೆ. ಮಿಲ್ಲುಗಳು ಒಂದೊಂದಾಗಿ ನಿಂತವು, ಗೋದಾಮು ಖಾಲಿಯಾಯಿತು. 2016ರಲ್ಲಿ ನಾವು ಒಂಬತ್ತು ಜನ ಸೇರಿ ಅದನ್ನು ಬಾಡಿಗೆಗೆ ಹಿಡಿದೆವು. ನಾಟಕದವರು, ಚಿತ್ರ ಬರೆಯುವವರು, ಹಾಡುವವರು ಎಲ್ಲರಿಗೂ ಒಂದು ಜಾಗ ಬೇಕಿತ್ತು.

ನಾನು ಆ ಒಂಬತ್ತರಲ್ಲಿ ಒಬ್ಬ. ನಾಟಕದಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದೆ. ಆಮೇಲೆ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಈ ಜಾಗ ಹೇಗೆ ಮುಚ್ಚುವ ಅಂಚಿಗೆ ಹೋಯಿತು, ಅಲ್ಲಿಂದ ಎಷ್ಟು ದೂರ ಬಂದಿದೆ ಅಂತ ಅಂಕಿ ಸಮೇತ ಬರೆಯಬೇಕು ಅನ್ನಿಸಿತು. ಸಣ್ಣ ಊರುಗಳಲ್ಲಿ ಇಂಥ ಜಾಗ ಶುರು ಮಾಡುವವರು ನಮಗೆ ಫೋನ್ ಮಾಡಿ ಕೇಳುವುದು ಯಾವಾಗಲೂ ಲೈಟು, ಪರದೆ, ಸ್ಟೇಜಿನ ಎತ್ತರದ ಬಗ್ಗೆ. ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅಂತ ಯಾರೂ ಕೇಳುವುದಿಲ್ಲ. ನಾವೂ ಕೇಳಿಕೊಂಡಿರಲಿಲ್ಲ.

ಊರಲ್ಲಿ ಸಭಾಂಗಣಗಳಿಲ್ಲ ಅಂತಲ್ಲ. ಕುವೆಂಪು ಕನ್ನಡ ಭವನ ಇದೆ, ಬಾಪೂಜಿ ಸಭಾಂಗಣ ಇದೆ, ಕಲ್ಯಾಣ ಮಂಟಪಗಳಂತೂ ಬೇಕಾದಷ್ಟಿವೆ. ಒಂದು ದಿನದ ಕಾರ್ಯಕ್ರಮಕ್ಕೆ ಅವು ಸಾಕು. ಆದರೆ ಒಂದು ನಾಟಕಕ್ಕೆ 30 ದಿನ ತಾಲೀಮು ಬೇಕು. ಆ 30 ಸಂಜೆಗೆ ಎಲ್ಲಿ ಹೋಗುವುದು? ಮೊದಲು ಶಾಲೆಯ ವರಾಂಡದಲ್ಲಿ, ಯಾರದೋ ಮನೆ ಮಾಳಿಗೆಯಲ್ಲಿ, ಒಮ್ಮೆ ಮುಚ್ಚಿದ್ದ ಮಂಡಕ್ಕಿ ಭಟ್ಟಿಯ ಶೆಡ್ಡಿನಲ್ಲೂ ತಾಲೀಮು ಮಾಡಿದ್ದೇವೆ. 1964ರಲ್ಲಿ ಶುರುವಾದ ದೃಶ್ಯಕಲಾ ಕಾಲೇಜು ನಮ್ಮ ಊರಲ್ಲೇ ಇದೆ. ಅಲ್ಲಿ ಓದಿ ಹೊರಬಂದ ಹುಡುಗರಿಗೂ ಹತ್ತು ಚಿತ್ರ ತೂಗುಹಾಕಲು ಒಂದು ಗೋಡೆ ಬೇಕಿತ್ತು.

ಗೋದಾಮಿನ ಬಾಡಿಗೆ ಆಗ 14,000 ರೂಪಾಯಿ, ಅಡ್ವಾನ್ಸ್ ಒಂದು ಲಕ್ಷ. ಮೊದಲ ಮೂರು ವರ್ಷ ಚೆನ್ನಾಗಿ ನಡೆಯಿತು, ಅಥವಾ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡೆವು. ಪ್ರತಿ ನಾಟಕಕ್ಕೂ ಜನ ತುಂಬುತ್ತಿದ್ದರು. 120 ಕುರ್ಚಿ ಸಾಲದೆ ಪಕ್ಕದ ಶಾಮಿಯಾನ ಅಂಗಡಿಯಿಂದ ಇನ್ನೂ ಇಪ್ಪತ್ತು ತರಿಸುತ್ತಿದ್ದೆವು. ಆಹ್ವಾನ ಪತ್ರಿಕೆಯ ಕೆಳಗೆ ದಪ್ಪ ಅಕ್ಷರದಲ್ಲಿ ‘ಪ್ರವೇಶ ಉಚಿತ’ ಅಂತ ಹಾಕುತ್ತಿದ್ದೆವು. ಅದು ನಮ್ಮ ಹೆಮ್ಮೆಯಾಗಿತ್ತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಮಾಲೀಕರು ಒಳ್ಳೆಯವರು, ಐದು ತಿಂಗಳು ಅರ್ಧ ಬಾಡಿಗೆ ಬಿಟ್ಟರು. ಆದರೂ ಉಳಿತಾಯವೆಲ್ಲ ಖಾಲಿಯಾಯಿತು. ಮತ್ತೆ ಬಾಗಿಲು ತೆಗೆದಾಗ ಒಂಬತ್ತರಲ್ಲಿ ಇಬ್ಬರು ಊರು ಬಿಟ್ಟಿದ್ದರು, ಅವರಲ್ಲಿ ಒಬ್ಬರು ನಮ್ಮ ಖಜಾಂಚಿ. 2023ರ ಜೂನ್‌ನಲ್ಲಿ ಮಾಲೀಕರು ಕರೆದು ಹೇಳಿದರು: “ಪಾರ್ಸೆಲ್ ಕಂಪನಿಯೋರು 26,000 ಕೊಡ್ತೀವಿ ಅಂತಿದಾರೆ ನೋಡ್ರಿ. ನೀವು 18,000 ಕೊಡ್ತಿದೀರಿ. ನನಗೂ ಸಂಸಾರ ಐತಿ.” ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ದಸರಾ ತನಕ ಟೈಮ್ ಕೊಟ್ಟರು.

ಆ ರಾತ್ರಿ ನಾನು ಮೊದಲ ಬಾರಿ ಒಂದು ಇಡೀ ವರ್ಷದ ಲೆಕ್ಕ ಹರಡಿಕೊಂಡು ಕೂತೆ.

2022-23ರ ಖರ್ಚು ಹೀಗಿತ್ತು. ಬಾಡಿಗೆ 18,000, ಕರೆಂಟ್ ಸರಾಸರಿ 3,200, ಗುಡಿಸಿ ಒರೆಸಿ ಬೀಗ ಹಾಕುವ ಅಕ್ಕನಿಗೆ 5,000, ನೀರು, ಇಂಟರ್ನೆಟ್, ಚಿಲ್ಲರೆ ಸೇರಿ 1,300. ತಿಂಗಳಿಗೆ 27,500, ವರ್ಷಕ್ಕೆ 3,30,000. ಅದರ ಮೇಲೆ ಶೀಟು ರಿಪೇರಿಗೆ 40,000. ಒಟ್ಟು 3,70,000.

ಆದಾಯ? ಬೇರೆ ತಂಡಗಳಿಗೆ 46 ದಿನ ಹಾಲ್ ಕೊಟ್ಟಿದ್ದೆವು, ದಿನಕ್ಕೆ 1,500ರಂತೆ 69,000. ಮಕ್ಕಳ ಬೇಸಿಗೆ ಶಿಬಿರದಲ್ಲಿ ಖರ್ಚು ಕಳೆದು 72,000 ಉಳಿದಿತ್ತು. ಭಾನುವಾರದ ಚಿತ್ರಕಲೆ ತರಗತಿಯ ಮೇಷ್ಟ್ರು 24,000 ಕೊಟ್ಟಿದ್ದರು. ಸದಸ್ಯರ ಚಂದಾ 54,000 ಬರಬೇಕಿತ್ತು, ಬಂದದ್ದು 31,000. ಬಾಗಿಲ ಹತ್ತಿರದ ಡಬ್ಬಿಯಲ್ಲಿ ವರ್ಷಕ್ಕೆ 9,400. ದಾನಿಗಳು 1,35,000 ಕೊಟ್ಟಿದ್ದರು, ಆದರೆ ಅದೆಲ್ಲ ನಾಟಕೋತ್ಸವಕ್ಕೆ ಅಂತ ಕೊಟ್ಟ ದುಡ್ಡು, ಮತ್ತು ನಾಟಕೋತ್ಸವಕ್ಕೆ ಖರ್ಚಾದದ್ದು 1,48,000. ಅಂದರೆ ದಾನ ಬಂದ ಮೇಲೂ 13,000 ಕೈಯಿಂದ ಹೋಗಿತ್ತು. ಎಲ್ಲ ಕೂಡಿ ಕಳೆದರೆ ಜಾಗಕ್ಕೆ ಅಂತ ಉಳಿದದ್ದು 1,92,400. ಕೊರತೆ 1,77,600. ಅದನ್ನು ಮೂರು ಜನ ಸದ್ದಿಲ್ಲದೆ ಜೇಬಿನಿಂದ ತುಂಬಿದ್ದರು. ಒಬ್ಬರು ಸೊಸೈಟಿಯಲ್ಲಿ ಸಾಲ ತೆಗೆದಿದ್ದರು ಅಂತ ನನಗೆ ಗೊತ್ತಾದದ್ದು ಆಗಲೇ. ಗೊತ್ತಾದಾಗ ತುಂಬಾ ನೋವಾಯಿತು. ಅವರ ಮಗಳ ಕಾಲೇಜು ಫೀಸಿನ ವರ್ಷ ಅದು.

ದಾನದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಊರಿನವರ ಕೈ ದೊಡ್ಡದು. ಜಾತ್ರೆ, ದಾಸೋಹ, ಗಣಪತಿ, ಆಸ್ಪತ್ರೆ ಯಾವುದಕ್ಕೆ ಕೇಳಿದರೂ ಇಲ್ಲ ಅನ್ನುವುದಿಲ್ಲ. ನಾಟಕೋತ್ಸವಕ್ಕೂ ಕೊಡುತ್ತಾರೆ, ಯಾಕೆಂದರೆ ಅದಕ್ಕೊಂದು ದಿನಾಂಕ ಇದೆ, ಬ್ಯಾನರ್ ಇದೆ, ವೇದಿಕೆ ಮೇಲೆ ಒಂದು ಹಾರ ಇದೆ. ಅದೇ ಜನರ ಹತ್ತಿರ ಹೋಗಿ ಜುಲೈ ತಿಂಗಳ ಬಾಡಿಗೆ ಕೊಡಿ ಅಂದರೆ ಅವರಿಗೆ ಅರ್ಥವೇ ಆಗುವುದಿಲ್ಲ. ಸರ್ಕಾರದ ಧನಸಹಾಯವೂ ಬಹುಪಾಲು ಕಾರ್ಯಕ್ರಮಕ್ಕೇ. ಅದು ಕೈಗೆ ಬರುವುದು ಕಾರ್ಯಕ್ರಮ ಮುಗಿದ ಎಷ್ಟೋ ದಿನಕ್ಕೆ, ಅಲ್ಲಿಯ ತನಕ ಕೈಸಾಲ. ಹೀಗಾಗಿ ಕಾರ್ಯಕ್ರಮ ಜಾಸ್ತಿ ಮಾಡಿದಷ್ಟೂ ಜಾಗ ಬಡವಾಗುತ್ತಾ ಹೋಯಿತು. ಇದು ನಮಗೆ ಏಳು ವರ್ಷ ಹೊಳೆಯಲಿಲ್ಲ.

ಇನ್ನು ಅಕ್ಕನ ನೋಟ್‌ಬುಕ್.

ನಮ್ಮ ರಿಜಿಸ್ಟರ್‌ನಲ್ಲಿ ಇದ್ದದ್ದು ಕಾರ್ಯಕ್ರಮಗಳ ಪಟ್ಟಿ ಮಾತ್ರ. ಅಕ್ಕ ಮಾತ್ರ ಬಾಗಿಲ ಹಿಂದಿನ ಮೊಳೆಗೆ ಒಂದು ನೂರು ಪುಟದ ಶಾಲಾ ನೋಟ್‌ಬುಕ್ ತೂಗುಹಾಕಿ, ಬೀಗ ಹಾಕುವ ಮುಂಚೆ ದಿನವೂ ಒಂದು ಸಾಲು ಬರೆಯುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, “ನಾಳೆ ಏನಾರ ಕಳುವಾದ್ರೆ ನನ್ನೇ ಕೇಳ್ತೀರಲ್ಲ ಸಾರ್” ಅಂದರು. ನೀಲಿ ಪೆನ್ನಿನ ಗುಂಡನೆ ಅಕ್ಷರ: ‘ನಾಟ್ಕದೋರು, 9 ಗಂಟೆ ತನ್ಕ.’ ‘ಡ್ಯಾನ್ಸ್ ಹುಡುಗ್ರು, ಫ್ಯಾನ್ ಆಫ್ ಮಾಡಿಲ್ಲ.’ ‘ಚಿತ್ರದ ಮೇಷ್ಟ್ರು.’ ‘ಯಾರೂ ಇಲ್ಲ.’ ‘ಯಾರೂ ಇಲ್ಲ.’ ‘ಯಾರೂ ಇಲ್ಲ, ಬೆಕ್ಕು ಮರಿ ಹಾಕೈತಿ.’

ನಾನು ಒಂದು ವರ್ಷದ ಸಾಲುಗಳನ್ನು ಎಣಿಸಿದೆ. ಬಾಡಿಗೆಗೆ ಕೊಟ್ಟದ್ದು 46 ದಿನ, ನಮ್ಮದೇ ಕಾರ್ಯಕ್ರಮ 31, ಶಿಬಿರ 20, ಭಾನುವಾರದ ತರಗತಿ 48, ಪುಕ್ಕಟೆ ತಾಲೀಮು 61. ‘ಯಾರೂ ಇಲ್ಲ’ ಅಂತ 159 ದಿನ. ಜನ ಬಂದ ದಿನಗಳಲ್ಲೂ ಬಹುಪಾಲು ಬಾಗಿಲು ತೆಗೆದದ್ದು ಸಂಜೆ ಆರರ ಮೇಲೆ. ಇಡೀ ಹಗಲು ಬೀಗ.

3,70,000ವನ್ನು 365ರಿಂದ ಭಾಗಿಸಿದರೆ 1,014. ಬಾಗಿಲು ತೆಗೆದರೂ ತೆಗೆಯದಿದ್ದರೂ ಆ ಜಾಗಕ್ಕೆ ದಿನಕ್ಕೆ 1,014 ರೂಪಾಯಿ ಬೇಕು. ಮಾರನೇ ದಿನ ಸೀಮೆಸುಣ್ಣದಲ್ಲಿ ಆ ಸಂಖ್ಯೆಯನ್ನು ಬಾಗಿಲ ಒಳಬದಿಯಲ್ಲಿ ದೊಡ್ಡದಾಗಿ ಬರೆದೆ. ಸಭೆಗೆ ಬಂದವರೆಲ್ಲ ಕೇಳಿದರು, ಇದೇನು ಅಂತ. ನನ್ನ ಮಟ್ಟಿಗೆ ಈ ಪ್ರಕರಣ ತಿರುಗಿದ್ದು ಅಲ್ಲೇ. ಅದುವರೆಗೆ ನಾವು ಒಂದು ನಾಟಕ ತಂಡ ನಡೆಸುವ ಹಾಗೆ ಜಾಗ ನಡೆಸುತ್ತಿದ್ದೆವು. ತಂಡಕ್ಕೆ ನಾಟಕ ಇಲ್ಲದ ತಿಂಗಳು ಖರ್ಚಿಲ್ಲ. ಜಾಗಕ್ಕೆ ಹಾಗಲ್ಲ.

ಕರೆಂಟ್ ವಿಷಯವೂ ಇದೇ ಕಥೆ. ನಮ್ಮ ಹತ್ತಿರ 1,000 ವಾಟ್‌ನ 12 ಹ್ಯಾಲೋಜನ್ ಲೈಟುಗಳಿದ್ದವು. ಎಲ್ಲ ಉರಿದರೆ ಗಂಟೆಗೆ 12 ಯೂನಿಟ್. ತಾಲೀಮಿನಲ್ಲೂ ಅವನ್ನೇ ಉರಿಸುತ್ತಿದ್ದೆವು, ಬೆಳಕಿನಲ್ಲಿ ಅಭ್ಯಾಸ ಆಗಲಿ ಅಂತ. ಇಷ್ಟು ಲೈಟಿಗಾಗಿ ಜಾಸ್ತಿ ಕಿಲೋವಾಟ್ ಮಂಜೂರು ಮಾಡಿಸಿದ್ದರಿಂದ, ಒಂದೂ ಲೈಟ್ ಹಾಕದ ತಿಂಗಳಲ್ಲೂ ನಿಗದಿತ ಶುಲ್ಕ ಬರುತ್ತಿತ್ತು, ಅದೂ ವಾಣಿಜ್ಯ ದರದಲ್ಲಿ. ಕಡಿಮೆ ಕರೆಂಟ್ ಎಳೆಯುವ ಎಲ್‌ಇಡಿ ಸ್ಟೇಜ್ ಲೈಟಿಗೆ ಬದಲಾದ ಮೇಲೆ ಆ ಮಂಜೂರಾದ ಲೋಡ್ ಇಳಿಸಿದೆವು.

ಟಿಕೆಟ್ ಇಡುವ ಮಾತಿಗೆ ಮೂರು ಸಭೆ ಹಿಡಿಯಿತು. ಟಿಕೆಟ್ ಇಟ್ಟರೆ ಜನ ಬರುವುದಿಲ್ಲ ಅಂತ ಕೆಲವರು. ಕಲೆ ಮಾರಾಟಕ್ಕಲ್ಲ ಅಂತ ಇನ್ನು ಕೆಲವರು. ಜಿಎಸ್‌ಟಿ ಬರುತ್ತದೆ ಅಂತ ಒಬ್ಬರು ಹೆದರಿಸಿದರು. ವಿಚಾರಿಸಿದಾಗ ನಾಟಕ, ನೃತ್ಯ, ಸಂಗೀತದ ಟಿಕೆಟ್ 500 ರೂಪಾಯಿ ಒಳಗಿದ್ದರೆ ಜಿಎಸ್‌ಟಿ ಇಲ್ಲ ಅಂತ ಗೊತ್ತಾಯಿತು. ಆದರೆ ನಮ್ಮನ್ನು ಒಪ್ಪಿಸಿದ್ದು ಕಾನೂನಲ್ಲ. ಸಭೆಗೆ ಬಂದಿದ್ದ ಒಬ್ಬ ಹಿರಿಯರು, ಒಂದು ಕಾಲದಲ್ಲಿ ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ನುಡಿಸಿದವರು, ಸುಮ್ನೆ ಕೇಳುತ್ತಾ ಕೂತಿದ್ದರು. ಕೊನೆಗೆ ಅಂದರು: “ಇದು ಚಿಂದೋಡಿ ಲೀಲಾ ಅವರ ಊರು ಕಣ್ರಪ್ಪ. ನಮ್ಮಪ್ಪ ಜೋಳ ಮಾರಿದ ದುಡ್ಡಲ್ಲಿ ಟಿಕೆಟ್ ತಗೊಂಡು ನಾಟಕ ನೋಡ್ತಿದ್ದ. ಕಲೆಕ್ಷನ್ ಆಗ್ಲಿಲ್ಲ ಅಂದ್ರೆ ಮರುದಿನ ಕಂಪನಿ ಒಲೆ ಹತ್ತುತಿರ್ಲಿಲ್ಲ. ಪುಕ್ಕಟೆ ಮಾಡಿ ನೀವು ಜನಕ್ಕೆ ಉಪಕಾರ ಮಾಡ್ತಿದೀವಿ ಅಂದ್ಕಂಡಿದೀರಿ.”

ಅದು ನಿಜ. ವೃತ್ತಿ ರಂಗಭೂಮಿಯ ಹೆಸರಾಂತ ನಟಿ ಚಿಂದೋಡಿ ಲೀಲಾ ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇದ್ದ ಊರು ಇದು. ಇವತ್ತಿಗೂ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ, ಶಿರಸಿಯ ಮಾರಿಕಾಂಬೆ ಜಾತ್ರೆಯಲ್ಲಿ ವೃತ್ತಿ ಕಂಪನಿಗಳು ಕ್ಯಾಂಪ್ ಹಾಕಿ ಟಿಕೆಟ್ ಮಾರಿಯೇ ಬದುಕುತ್ತವೆ. ದುಡ್ಡು ಕೊಟ್ಟು ನಾಟಕ ನೋಡುವುದು ಈ ಸೀಮೆಯ ಜನಕ್ಕೆ ಹೊಸದಲ್ಲ. ಆ ರೂಢಿಯನ್ನು ಬಿಡಿಸಿದ್ದು ನಮ್ಮಂಥ ಹವ್ಯಾಸಿಗಳೇ, ಒಳ್ಳೆಯ ಮನಸ್ಸಿನಿಂದಲೇ ಬಿಡಿಸಿದೆವು.

ಮೊದಲ ಟಿಕೆಟ್ ನಾಟಕಕ್ಕೆ 100 ರೂಪಾಯಿ ಇಟ್ಟೆವು. ಮೊದಲು ನೂರಕ್ಕೂ ಜಾಸ್ತಿ ಬರುತ್ತಿದ್ದವರು ಆ ದಿನ 64 ಆದರು. ಬಂದವರು ಟೈಮಿಗೆ ಸರಿಯಾಗಿ ಬಂದರು, ಮಧ್ಯೆ ಎದ್ದು ಹೋಗಲಿಲ್ಲ. ಆದರೆ ಬಾಗಿಲ ಹೊರಗೆ ಹಿಂದಿನ ಬೀದಿಯ ಏಳೆಂಟು ಮಕ್ಕಳು ನಿಂತಿದ್ದರು. ಮೊದಲೆಲ್ಲ ಚಾಪೆ ಮೇಲೆ ಮುಂದೆ ಕೂತು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಮಕ್ಕಳು. ಆ ದಿನ ಟಿಕೆಟ್ ಟೇಬಲ್ ನೋಡಿ ಒಳಗೆ ಬರಲಿಲ್ಲ. ಅವರಲ್ಲೊಬ್ಬ ಹುಡುಗಿ ಕಿಟಕಿಯ ಸರಳು ಹಿಡಿದು ಇಡೀ ನಾಟಕ ನಿಂತೇ ನೋಡಿದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಉತ್ತರ ಮತ್ತೆ ಕಂಪನಿ ನಾಟಕದಲ್ಲೇ ಸಿಕ್ಕಿತು. ಅಲ್ಲಿ ಕುರ್ಚಿಗೆ ಒಂದು ದರ, ನೆಲಕ್ಕೆ ಒಂದು ದರ ಇರುತ್ತಿತ್ತು. ನಾವೂ ಕುರ್ಚಿ 100, ಚಾಪೆ 20 ಅಂತ ಮಾಡಿದೆವು. ಹಿಂದಿನ ಬೀದಿಯ ಮಕ್ಕಳಿಗೂ ಟಿಕೆಟ್ ಹರಿದು ಕೊಡುತ್ತೇವೆ, ಅದರ ದುಡ್ಡನ್ನು ಇಬ್ಬರು ಅಂಗಡಿಯವರು ಮೊದಲೇ ಕಟ್ಟಿರುತ್ತಾರೆ. ಟಿಕೆಟ್ ಚೀಟಿ ಕೈಯಲ್ಲಿ ಹಿಡಿದು ಬರುವಾಗ ಆ ಮಕ್ಕಳ ನಡಿಗೆಯೇ ಬೇರೆ ಇರುತ್ತದೆ.

ಹಗಲಿನ ಬೀಗ ತೆಗೆಯುವುದು ಇನ್ನೂ ಕಷ್ಟವಾಯಿತು. ದಾವಣಗೆರೆ ಅಂದರೆ ಕಾಲೇಜುಗಳ ಊರು. ಪಿಜಿ ರೂಮುಗಳಲ್ಲಿ ಒತ್ತೊತ್ತಾಗಿ ಇರುವ, ಪೊಲೀಸ್, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಕೂತು ಓದಲು ತಣ್ಣಗಿನ ಜಾಗ ಬೇಕು. ತಿಂಗಳಿಗೆ 500 ರೂಪಾಯಿಗೆ ಬೆಳಿಗ್ಗೆ 9ರಿಂದ ಸಂಜೆ 5ರ ತನಕ ಟೇಬಲ್ ಕೊಡೋಣ ಅಂತ ಯಾರೋ ಹೇಳಿದರು. “ಇದು ರಂಗಮನೆಯೋ ಕೋಚಿಂಗ್ ಸೆಂಟರೋ?” ಅಂತ ಜಗಳವೇ ಆಯಿತು. ನಮ್ಮಲ್ಲಿ ಬಹಳ ಹಿರಿಯ ನಟರೊಬ್ಬರು ಎದ್ದು ಹೋದರು. ಅವರ ನೋವು ನನಗೆ ಅರ್ಥವಾಗುತ್ತದೆ. ರಂಗದ ಮೇಲೆ ಚಪ್ಪಲಿ ಹಾಕಿ ಹತ್ತದ ಮನುಷ್ಯ ಅವರು. ಕೊನೆಗೆ ಗೆರೆ ಎಳೆದೆವು: ಓದಲು ಟೇಬಲ್ ಸರಿ, ಪಾಠ ಹೇಳುವ ಕೋಚಿಂಗ್ ಬೇಡ. ಬೆಳಗಿನ ಯೋಗ ಗುಂಪು ಸರಿ, ಬರ್ತ್‌ಡೇ ಪಾರ್ಟಿ ಬೇಡ. ಸ್ಟೇಜ್ ಮೇಲೆ ಟೇಬಲ್ ಇಡುವಂತಿಲ್ಲ. ಆ ನಟರು ಎಂಟು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಂದು, ಓದುತ್ತಿದ್ದ ಹುಡುಗರ ಮಧ್ಯೆ ಒಂದು ಕುರ್ಚಿ ಎಳೆದುಕೊಂಡು ತಮ್ಮ ಪಾತ್ರದ ಮಾತು ಬಾಯಿಪಾಠ ಮಾಡುತ್ತಾ ಕೂತರು. ಏನೂ ಹೇಳಲಿಲ್ಲ. ಈಗ ವಾರಕ್ಕೆರಡು ಸಲ ಬರುತ್ತಾರೆ.

ತಾಲೀಮಿಗೆ ಸಂಜೆಗೆ 150 ರೂಪಾಯಿ ಇಟ್ಟದ್ದಕ್ಕೆ ಒಂದು ತಂಡ ಮುನಿಸಿಕೊಂಡು ಹೋಯಿತು, ಇನ್ನೂ ಬಂದಿಲ್ಲ. ವಾರಾಂತ್ಯದ ತಿಂಡಿ ಮಳಿಗೆ ಮಾಡಲು ಹೋಗಿ ಎರಡೇ ತಿಂಗಳಲ್ಲಿ ನಿಲ್ಲಿಸಿದೆವು. ಬೆಣ್ಣೆದೋಸೆ ಊರಲ್ಲಿ ದೋಸೆ ಮಾರಿ ಗೆಲ್ಲುವುದು ನಮ್ಮ ಕೈಲಾಗುವ ಕೆಲಸವಲ್ಲ. ಡೊಳ್ಳಿನ ಅಭ್ಯಾಸದ ಸದ್ದಿಗೆ ಪಕ್ಕದ ಮನೆಯವರು ದೂರು ಕೊಡುತ್ತೇವೆ ಅಂದಿದ್ದರು. ಅವರ ಮನೆಯಲ್ಲಿ ಬಾಣಂತಿ ಇದ್ದರು. ಹೋಗಿ ಮಾತಾಡಿದೆವು, ರಾತ್ರಿ ಎಂಟೂವರೆಗೆ ಡೊಳ್ಳು ಕೆಳಗಿಡುವುದು ಅಂತ ಆಯಿತು.

ಕಾಗದ ಪತ್ರದ ವಿಷಯ ಬೇರೆ ಊರಿನವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೆಳಗೆ ನೋಂದಾಯಿಸಿದ ಸಂಘ. ಏಳು ಜನ ಇದ್ದರೆ ನೋಂದಣಿ ಆಗುತ್ತದೆ, ಅದು ಸುಲಭ. ಆದರೆ ಪ್ರತಿ ವರ್ಷ ಸಾಮಾನ್ಯ ಸಭೆ ಮಾಡಿ, ಆಡಿಟ್ ಆದ ಲೆಕ್ಕ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಕೊಡಬೇಕು. ಖಜಾಂಚಿ ಊರು ಬಿಟ್ಟ ಮೇಲೆ ನಾವು ಸತತ ನಾಲ್ಕು ವರ್ಷ ಕೊಟ್ಟಿರಲಿಲ್ಲ. ಅದರಿಂದ ಧನಸಹಾಯದ ಅರ್ಜಿಗಳೆಲ್ಲ ಹೊಸ್ತಿಲಲ್ಲೇ ನಿಂತವು. ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ಸಿಎಸ್‌ಆರ್ ದುಡ್ಡು ಕೇಳೋಣ ಅಂದರೆ ಅದಕ್ಕೆ ಸಂಘಕ್ಕೂ ದಾನಿಗೂ ತೆರಿಗೆ ವಿನಾಯಿತಿ ಕೊಡುವ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಬೇಕಿತ್ತು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನುವ ಫಾರಂ ಕೂಡ ಬೇಕಿತ್ತು, ಜೊತೆಗೆ ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ದಾಖಲೆ. ಮೂರಲ್ಲ, ಏಳು ವರ್ಷ ಕೆಲಸ ಮಾಡಿದ್ದೆವು. ದಾಖಲೆ ಇರಲಿಲ್ಲ. ಒಬ್ಬ ಆಡಿಟರ್ ದುಡ್ಡು ತಗೊಳ್ಳದೆ ದಂಡ ಕಟ್ಟಿಸಿ, ಎಲ್ಲ ಸರಿ ಮಾಡಿಕೊಟ್ಟರು. ಅವರ ಮಗ ನಮ್ಮ ಶಿಬಿರದ ಹುಡುಗ.

ಸಾಣೇಹಳ್ಳಿ ನೋಡಿ ಕಲಿಯಿರಿ ಅಂತ ಬಹಳ ಜನ ಹೇಳುತ್ತಾರೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಆ ಹಳ್ಳಿಯಲ್ಲಿ 1987ರಲ್ಲಿ ಕಲಾಸಂಘ ಶುರುವಾಗಿ, 1997ರಿಂದ ಅದರ ಶಿವಸಂಚಾರ ನಾಟಕ ತಂಡ ಊರೂರು ಸುತ್ತುತ್ತಿದೆ. ನಾನು ಪ್ರತಿ ವರ್ಷ ಅಲ್ಲಿನ ನಾಟಕೋತ್ಸವಕ್ಕೆ ಹೋಗುತ್ತೇನೆ, ಅಲ್ಲಿನ ಶಿಸ್ತು ನೋಡಿ ಕಲಿತಿದ್ದೇನೆ. ಆದರೆ ಅಲ್ಲಿ ಮಠದ ಬೆಂಬಲ ಇದೆ, ಸ್ವಂತ ನೆಲ ಇದೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ಗೂ ಕಾಲೂರಲು ಸ್ವಂತ ನೆಲ ಇದೆ. ಬಾಡಿಗೆ ಗೋದಾಮಿನಲ್ಲಿ ನಿಂತವರ ಕಷ್ಟ ಬೇರೆ. ನಮ್ಮ ಕರಾರು ಪ್ರತಿ ಸಲ 11 ತಿಂಗಳದ್ದು. ಒಂದು ವರ್ಷಕ್ಕಿಂತ ಜಾಸ್ತಿಯಾದರೆ ನೋಂದಣಿ ಮಾಡಿಸಬೇಕು, ಖರ್ಚು ಬರುತ್ತದೆ ಅಂತ ಇಬ್ಬರೂ 11 ತಿಂಗಳಿಗೇ ನಿಲ್ಲಿಸುತ್ತಿದ್ದೆವು. ಹನ್ನೊಂದು ತಿಂಗಳ ಮೇಲೆ ಇರುತ್ತೇವೋ ಇಲ್ಲವೋ ಗೊತ್ತಿಲ್ಲದ ಜಾಗಕ್ಕೆ ಯಾರು ತಾನೇ ಹೊಸ ಸೂರು ಹಾಕಿಸುತ್ತಾರೆ? ವರ್ಷ ವರ್ಷ ತೇಪೆ ಹಾಕಿದೆವು. ತೇಪೆಯ ದುಡ್ಡು ಕೂಡಿಸಿದರೆ ಅರ್ಧ ಸೂರು ಬರುತ್ತಿತ್ತು.

ದಸರಾ ಹೊತ್ತಿಗೆ ಮಾಲೀಕರ ಮುಂದೆ ಲೆಕ್ಕದ ಹಾಳೆಗಳನ್ನೇ ಇಟ್ಟೆವು. ಬೇಡಿಕೊಳ್ಳಲಿಲ್ಲ. ತಿಂಗಳ 5ನೇ ತಾರೀಖಿಗೆ 22,000 ಬರುತ್ತದೆ, ಅದು ಎಲ್ಲಿಂದ ಬರುತ್ತದೆ ಅಂತ ನೋಡಿ ಅಂದೆವು. ಅವರು ಎರಡು ದಿನ ಯೋಚಿಸಿ ಮೂರು ವರ್ಷದ ಕರಾರಿಗೆ ಒಪ್ಪಿದರು, ನೋಂದಣಿ ಮಾಡಿಸಿದೆವು. ಆದರೆ ಸೂರು ನಿಮ್ಮದೇ ಖರ್ಚು ಅಂದರು.

2024-25ರ ಲೆಕ್ಕ. ಬಾಡಿಗೆ 2,64,000. ಅಕ್ಕನ ಕೆಲಸದ ಹೊತ್ತು ಜಾಸ್ತಿಯಾಯಿತು, ಸಂಬಳ 8,000ಕ್ಕೆ ಏರಿತು, ವರ್ಷಕ್ಕೆ 96,000. ಕರೆಂಟ್ 42,000, ಇತರೆ 18,000. ಒಟ್ಟು 4,20,000. ಬಂದದ್ದು: ಓದುವ ಟೇಬಲ್‌ನಿಂದ 1,14,000, ಹಾಲ್ ಬಾಡಿಗೆ 82,000, ಶಿಬಿರ 76,000, ಯೋಗ 36,000, ಚಂದಾ 29,000, ಚಿತ್ರಕಲೆ 24,000, ತಾಲೀಮು 10,500. ಹದಿನಾಲ್ಕು ಪ್ರದರ್ಶನಗಳ ಟಿಕೆಟ್ 92,400, ಅದರಲ್ಲಿ ಅರ್ಧ ತಂಡಗಳಿಗೆ, ಉಳಿದ 46,200 ಜಾಗಕ್ಕೆ. ಒಟ್ಟು 4,17,700. ಕೊರತೆ 2,300 ರೂಪಾಯಿ. ಆ ದುಡ್ಡನ್ನು ಸಭೆಯಲ್ಲೇ ಟೋಪಿ ತಿರುಗಿಸಿ ಕೂಡಿಸಿದೆವು. ಸೊಸೈಟಿ ಸಾಲ ಮಾಡಿದ್ದವರು ಆ ದಿನ ಮೊದಲ ಸಲ ಆರಾಮಾಗಿ ಟೀ ಕುಡಿದರು.

ಅಕ್ಕನ ನೋಟ್‌ಬುಕ್‌ನಲ್ಲಿ ಆ ವರ್ಷ ‘ಯಾರೂ ಇಲ್ಲ’ 17 ಸಲ ಇದೆ, ಹೆಚ್ಚಿನವು ಹಬ್ಬದ ದಿನಗಳು.

ಈಗ ಉಳಿದಿರುವುದು ಸೂರು. ಶೀಟು ಬದಲಿಸಿ, ಒಳಗೆ ಸದ್ದು ತಡೆಯುವ ಪದರ ಹಾಕಿಸಲು 3,40,000 ಆಗುತ್ತದೆ ಅಂತ ಕೊಟೇಶನ್ ಬಂದಿದೆ. ಅಷ್ಟು ನಮ್ಮಲ್ಲಿಲ್ಲ. ಕರಾರು 2026ರ ದಸರಾಕ್ಕೆ ಮುಗಿಯುತ್ತದೆ, ಅಷ್ಟರಲ್ಲಿ ಅಷ್ಟೊಂದು ದುಡ್ಡು ಹಾಕುವುದು ಬುದ್ಧಿವಂತಿಕೆಯೂ ಅಲ್ಲ. ಸೂರಿನ ಅರ್ಧ ಖರ್ಚು ನೀವು ಹಾಕಿ, ಕರಾರು ಐದು ವರ್ಷಕ್ಕೆ ಬರೆಯೋಣ ಅಂತ ಮಾಲೀಕರನ್ನು ಕೇಳಿದ್ದೇವೆ.

ಹೋದ ಮಳೆಗಾಲದಲ್ಲಿ ಒಂದು ಶನಿವಾರ ನಾಟಕದ ಮಧ್ಯೆ ಜೋರು ಮಳೆ ಬಂತು. ತಗಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ನಟರು ಇದ್ದ ಜಾಗದಲ್ಲೇ ನಿಂತರು. ಚಾಪೆ ಮೇಲೆ ಎರಡು ಕಡೆ ನೀರು ತೊಟ್ಟಿಕ್ಕತೊಡಗಿತು, ಅಕ್ಕ ಬಕೆಟ್ ತಂದಿಟ್ಟರು, ಮಕ್ಕಳು ಸರಿದು ಕೂತರು. ಇಪ್ಪತ್ತು ನಿಮಿಷ ಯಾರೂ ಎದ್ದು ಹೋಗಲಿಲ್ಲ. ಮಳೆ ನಿಂತಿತು, ನಿಂತ ಮಾತಿನಿಂದಲೇ ನಾಟಕ ಮುಂದುವರಿಯಿತು. ಆ ದಿನ ಮಾಲೀಕರು ಮಗಳನ್ನು ಕರೆದುಕೊಂಡು ಬಂದು, ಎರಡು ಕುರ್ಚಿಗೆ 200 ರೂಪಾಯಿ ಕೊಟ್ಟು ಮೂರನೇ ಸಾಲಿನಲ್ಲಿ ಕೂತಿದ್ದರು. ಅರ್ಧ ಖರ್ಚು ಹಾಕುತ್ತೇನೆ ಅಂತ ಅವರು ಇನ್ನೂ ಹೇಳಿಲ್ಲ. ಆದರೆ ಮರುದಿನ ಬೆಳಿಗ್ಗೆ ಒಬ್ಬ ವೆಲ್ಡಿಂಗ್ ಕೆಲಸದವನನ್ನು ಕರೆತಂದು ಸೂರಿನ ಅಳತೆ ತೆಗೆಸಿಕೊಂಡು ಹೋದರು.